‘ಮಳೆಯಾಗುವ ಸಂಭವವಿದೆ’ ಎಂಬ ಮಾತಿನ ಅರ್ಥವೂ ಅದರ ಬಳಕೆಯೂ

ಹವಾಮಾನದ ಪ್ರಕಟಣೆಯು ಮಳೆಗಾಲದಲ್ಲಿ ಪ್ರತಿದಿನವೂ ಗ್ರಾಮಗಳನ್ನು ಮುಟ್ಟುತ್ತದೆ. ಆಕಾಶವಾಣಿಯಲ್ಲಿ ಅದನ್ನು ಓದುತ್ತಾರೆ; ದಿನಪತ್ರಿಕೆಯಲ್ಲಿ ಅಚ್ಚಾಗುತ್ತದೆ; ಈಚಿನ ವರ್ಷಗಳಲ್ಲಿ ಮೊಬೈಲಿಗೂ ಬರುತ್ತದೆ. “ದಕ್ಷಿಣ ಒಳನಾಡಿನ ಒಂದೆರಡು ಕಡೆ ಹಗುರ ಮಳೆಯಾಗುವ ಸಂಭವವಿದೆ” ಎಂಬ ವಾಕ್ಯವನ್ನು ಊರಿನ ಯಜಮಾನರೊಬ್ಬರು ಬೆಳಗ್ಗೆ ಓದಿಕೊಂಡು, ಹಾಲಿನ ಡೈರಿಯ ಮುಂದೆ ನಿಂತವರಿಗೆ “ನಾಳೆ ಮಳೆ ಬತ್ತದಂತೆ” ಎಂದು ತಿಳಿಸುತ್ತಾರೆ. ಕೇಳಿದವರು ಅದನ್ನೇ ಹೊಲಕ್ಕೆ ಕೊಂಡೊಯ್ಯುತ್ತಾರೆ. ಪ್ರಕಟಣೆಯಿಂದ ಹೊಲಕ್ಕೆ ಹೋಗುವಷ್ಟರಲ್ಲಿ ಮೂರು ಮಾತುಗಳು ಉದುರಿಹೋಗಿರುತ್ತವೆ: ಎಲ್ಲಿ ಎಂಬುದು, ಎಷ್ಟು ಎಂಬುದು, ಮತ್ತು ‘ಸಂಭವ’ ಎಂಬುದು. ಮೊದಲಿನ ಎರಡನ್ನು ಕೇಳಿದವರು ಪ್ರಶ್ನೆಮಾಡಿಯಾದರೂ ತಿಳಿದುಕೊಳ್ಳುವರು. ಮೂರನೆಯದನ್ನು ಯಾರೂ ಕೇಳುವುದಿಲ್ಲ.

ಇದರಿಂದ ಆಗತಕ್ಕ ನಷ್ಟವು ಸಣ್ಣದಲ್ಲ. ಹಳೇಬೀಡಿನ ಸುತ್ತ ಆಲೂಗೆಡ್ಡೆ ಬಿತ್ತುವವರು ಮಳೆ ಬಂದೇ ಬರುವುದೆಂದು ನಂಬಿ ಕಾದ ಮಣ್ಣಿನಲ್ಲಿ ಬಿತ್ತನೆ ಗೆಡ್ಡೆಯನ್ನು ಕತ್ತರಿಸಿ ಇಟ್ಟರೆ, ಮಳೆ ತಪ್ಪಿದ ಪಕ್ಷದಲ್ಲಿ ಗೆಡ್ಡೆಯು ಮೊಳೆಯುವ ಮೊದಲೇ ಕೊಳೆಯುವುದುಂಟು. ಎಕರೆಗೆ ಬೇಕಾಗುವ ಬಿತ್ತನೆ ಸುಮಾರು 6ರಿಂದ 8 ಕ್ವಿಂಟಾಲು. ಅದೂ ಬಹುಮಟ್ಟಿಗೆ ಪಂಜಾಬಿನ ಜಲಂಧರದ ಕಡೆಯಿಂದ ಹಾಸನದ ಮಾರುಕಟ್ಟೆಗೆ ಬಂದು, ಹಣ ಕೊಟ್ಟು ತಂದದ್ದು. ಹೀಗೆ ಒಮ್ಮೆ ಕೈ ಸುಟ್ಟುಕೊಂಡ ರೈತನು ಮುಂದೆ ಹವಾಮಾನದ ಮಾತನ್ನೇ ಕೇಳುವುದಿಲ್ಲ. ನಿಜವಾಗಿಯೂ ಕೇಳಲೇಬೇಕಾದ ದಿನವೂ ಕೇಳುವುದಿಲ್ಲ. ತಪ್ಪು ಪ್ರಕಟಣೆಯದೇ ಎಂದು ಊರೆಲ್ಲ ಹೇಳುವುದು. ಆದರೆ ಪ್ರಕಟಣೆಯು ‘ಬರುತ್ತದೆ’ ಎಂದು ಹೇಳಿರಲೇ ಇಲ್ಲ.

‘ಸಂಭವ’ ಎಂಬುದು ಸಂಸ್ಕೃತದಿಂದ ಬಂದ ಶಬ್ದ. ಮೂಲದಲ್ಲಿ ಅದಕ್ಕೆ ಹುಟ್ಟು, ಉಂಟಾಗುವಿಕೆ ಎಂದು ಅರ್ಥ. ಕಮಲದಲ್ಲಿ ಹುಟ್ಟಿದವನಾದ್ದರಿಂದ ಬ್ರಹ್ಮನಿಗೆ ಪದ್ಮಸಂಭವನೆಂದು ಹೆಸರಾಯಿತು. ಕನ್ನಡದಲ್ಲಿ ಈ ಒಂದು ಶಬ್ದವೇ ಎರಡು ದಾರಿ ಹಿಡಿದಿದೆ. “ಅಪಾಯ ಸಂಭವಿಸಿತು” ಎಂದರೆ ಆಗಿಯೇ ಹೋಯಿತು. “ಅಪಾಯ ಸಂಭವವಿದೆ” ಎಂದರೆ ಇನ್ನೂ ಆಗಿಲ್ಲ, ಆದರೂ ಆಗಬಹುದು. ಓದುಬರಹ ಬಲ್ಲವರಿಗೂ ಕಿವಿಯ ಮೇಲೆ ಬಿದ್ದಾಗ ಇವೆರಡೂ ಬೆರೆತುಹೋಗುವುದು ಸಹಜವಾಗಿದೆ. (ಪುರೋಹಿತರಿಗೂ ವಿದ್ವಾಂಸರಿಗೂ ಕೊಡುವ ‘ಸಂಭಾವನೆ’ಯೂ ಇದೇ ಕುಲದ್ದು. ಅದು ಮಾತ್ರ ಮಳೆಯಂತೆ ಅನಿಶ್ಚಿತವಾಗಿರಬಾರದೆಂದು ಪಡೆಯುವವರ ಅಭಿಪ್ರಾಯ.) ‘ಅಸಂಭವ’ ಎಂಬುದು ಇನ್ನೊಂದು ತೊಡಕು. ಅದಕ್ಕೆ ಎಂದಿಗೂ ಆಗದ್ದು ಎಂಬ ಅರ್ಥ ರೂಢಿಯಾಗಿದೆ. “ಸಂಭವವಿಲ್ಲ” ಎಂದು ಪ್ರಕಟಣೆಯಲ್ಲಿ ಬಂದಾಗ ಅದನ್ನು ‘ಅಸಂಭವ’ವೆಂದು ತಿಳಿಯಕೂಡದು. ಇದರ ವಿವರವು ಮುಂದೆ ಬರುತ್ತದೆ.

ಸಂಸ್ಕೃತದ ಶಬ್ದವು ಗೊಂದಲಕ್ಕೆ ಎಡೆಕೊಟ್ಟರೂ ಹಳ್ಳಿಯ ಆಡುಮಾತಿನಲ್ಲಿ ಗೊಂದಲವಿಲ್ಲ. ಕನ್ನಡ ವ್ಯಾಕರಣದಲ್ಲಿ ಸಂಭಾವನಾರ್ಥವೆಂಬ ಒಂದು ಕ್ರಿಯಾರೂಪವೇ ಪ್ರತ್ಯೇಕವಾಗಿದೆ: ಬಂದಾನು, ಬಿದ್ದಾಳು, ಬಂದೀತು. “ಮಳೆ ಬರುವ ಹಾಗಿದೆ” ಎನ್ನುವವನು ಆಕಾಶದಲ್ಲಿ ಏನನ್ನೋ ಕಂಡಿದ್ದಾನೆ. ಮೋಡ, ಗಾಳಿ ಅಥವಾ ಸೆಕೆ. “ಮಳೆ ಬರಬಹುದು” ಎನ್ನುವವನು ಒಂದು ಕಡೆಗೂ ವಾಲದೆ ನಿಂತಿದ್ದಾನೆ. “ಬಂದರೂ ಬಂದೀತು” ಎನ್ನುವವನಿಗೆ ನಂಬಿಕೆ ಕಡಿಮೆ, ಆದರೆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಅರಸೀಕೆರೆಯ ಕಡೆಯ ಮುದುಕನು ಪಡುವಣ ದಿಕ್ಕನ್ನು ನೋಡಿ “ಬರೋ ಹಂಗೈತೆ” ಎಂದದ್ದಕ್ಕೂ, ಬರಿದೇ “ಬಂದ್ರೂ ಬರ್ಬೌದು” ಎಂದದ್ದಕ್ಕೂ ಇರುವ ಅಂತರವನ್ನು ಅವನ ಮೊಮ್ಮಗನು ಕೂಡ ಬಲ್ಲನು. ಹೀಗಿರುವಾಗ ಅಚ್ಚಿನ ಮಾತಿನಲ್ಲಿ ಮಾತ್ರ ಎಲ್ಲವನ್ನೂ ‘ಸಂಭವ’ ಎಂಬ ಒಂದೇ ಮೂಟೆಯಲ್ಲಿ ಕಟ್ಟಿರುವುದು ವಿಷಾದಕರ.

ಸಂಭಾವನಾರ್ಥಕ್ಕೆ ಇನ್ನೂ ಒಂದು ಗುಣವುಂಟು, ವ್ಯವಸಾಯಗಾರರಿಗೆ ಅದೇ ಮುಖ್ಯವಾದದ್ದು. “ಮಗು ಬಾವಿಗೆ ಬಿದ್ದೀತು”, “ಹೋರಿ ಹಾಯ್ದೀತು” ಎಂದು ಕೂಗುವ ತಾಯಿಯು ಬೀಳುವುದು ಹೆಚ್ಚೋ ಬೀಳದಿರುವುದು ಹೆಚ್ಚೋ ಎಂದು ಎಣಿಸಿ ಕೂಗುವುದಿಲ್ಲ. ನೂರರಲ್ಲಿ ಒಂದು ಪಾಲು ಇದ್ದರೂ ಕೂಗುತ್ತಾಳೆ. ಏಕೆಂದರೆ ಬಿದ್ದರೆ ಆಗುವ ನಷ್ಟ ಅಳತೆಗೆ ಮೀರಿದ್ದು, ಮಗುವನ್ನು ಎತ್ತಿಕೊಳ್ಳುವ ಶ್ರಮ ಅತ್ಯಲ್ಪ. ಎಷ್ಟು ಸಂಭವ ಎಂಬುದನ್ನೂ, ಸಂಭವಿಸಿದರೆ ಎಷ್ಟು ನಷ್ಟ ಎಂಬುದನ್ನೂ ಒಟ್ಟಿಗೆ ತೂಗಿ ಆಡುವ ಮಾತು ಇದು. ಹವಾಮಾನದ ಪ್ರಕಟಣೆಯು ಮೊದಲನೆಯದನ್ನು ಮಾತ್ರ ತಿಳಿಸಬಲ್ಲದು. ಎರಡನೆಯದನ್ನು ಹೊಲದ ಯಜಮಾನನೇ ಸೇರಿಸಿಕೊಳ್ಳಬೇಕು.

ಭಾರತೀಯ ಹವಾಮಾನ ಇಲಾಖೆಯವರು ಸಂಭವವನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸಿ, ಒಂದೊಂದಕ್ಕೂ ಅಂಕೆಯನ್ನು ಗೊತ್ತುಮಾಡಿದ್ದಾರೆ. ನೂರಕ್ಕೆ 25ಕ್ಕಿಂತ ಕಡಿಮೆಯಾದರೆ ಸಂಭವವಿಲ್ಲ. 25ರಿಂದ 50ರವರೆಗೆ ಸಂಭವ. 50ರಿಂದ 75ರವರೆಗೆ ಹೆಚ್ಚು ಸಂಭವ. 75ಕ್ಕೆ ಮೇಲ್ಪಟ್ಟರೆ ಅತಿ ಹೆಚ್ಚು ಸಂಭವ. ಊರಿನ ಹಿರಿಯರಿಗೆ ನೂರರ ಲೆಕ್ಕಕ್ಕಿಂತ ಆಣೆಯ ಲೆಕ್ಕ ಹತ್ತಿರವಾದದ್ದು. ನಾಣ್ಯವು 1957ರಲ್ಲಿ ದಶಮಾಂಶಕ್ಕೆ ತಿರುಗಿದ ಮೇಲೂ, ಬೆಳೆಯ ಅಂದಾಜು ಆಣೆವಾರಿಯಲ್ಲಿ ಬಹುಕಾಲ ನಡೆದುಕೊಂಡು ಬಂತು. ‘ಹದಿನಾರಾಣೆ ನಿಜ’ ಎಂಬ ಮಾತು ಈಗಲೂ ನಡೆಯುತ್ತದೆ. ಆ ಲೆಕ್ಕದಲ್ಲಿ ಹೇಳುವುದಾದರೆ, ಬರಿಯ ‘ಸಂಭವ’ ಎಂದರೆ ನಾಲ್ಕಾಣೆಯಿಂದ ಎಂಟಾಣೆ. ‘ಹೆಚ್ಚು’ ಎಂದರೆ ಎಂಟರಿಂದ ಹನ್ನೆರಡಾಣೆ. ‘ಅತಿ ಹೆಚ್ಚು’ ಎಂದರೆ ಹನ್ನೆರಡಾಣೆಗೆ ಮೇಲೆ. ‘ಸಂಭವವಿಲ್ಲ’ ಎಂಬುದರಲ್ಲಿಯೂ ನಾಲ್ಕಾಣೆಯ ಒಳಗಿನ ಪಾಲು ಉಳಿದೇ ಇರುತ್ತದೆ.

ಇದನ್ನು ಮೊದಲ ಸಲ ಕೇಳುವವರಿಗೆ ಆಶ್ಚರ್ಯವಾಗಬಹುದು. ‘ಸಂಭವವಿದೆ’ ಎಂದೊಡನೆ ಬರುವುದೇ ಹೆಚ್ಚೆಂದು ಜನರು ತಿಳಿಯುತ್ತಾರೆ. ಇಲಾಖೆಯ ಮೆಟ್ಟಿಲಿನಲ್ಲಾದರೋ, ಬೇರೆ ವಿಶೇಷಣವಿಲ್ಲದ ಸಂಭವವು ಬಾರದಿರುವ ಕಡೆಗೇ ವಾಲಿದ್ದು. ನಾಲ್ಕು ಮೆಟ್ಟಿಲುಗಳೂ ಕನ್ನಡದ ಪತ್ರಿಕೆಗೆ ಬರುವಾಗ ಅನೇಕ ವೇಳೆ ಒಂದೇ ‘ಸಂಭವ’ ಅಥವಾ ‘ಸಾಧ್ಯತೆ’ ಆಗಿಬಿಡುತ್ತವೆ. ಆದಕಾರಣ ‘ಹೆಚ್ಚು’ ಎಂಬ ಮಾತು ಅಚ್ಚಿನಲ್ಲಿ ಇದೆಯೇ ಇಲ್ಲವೇ ಎಂಬುದನ್ನು ಕಣ್ಣಿಟ್ಟು ನೋಡತಕ್ಕದ್ದು.

ಎಲ್ಲಿ ಎಂಬುದಕ್ಕೂ ಇಂಥದೇ ಅಳತೆಯುಂಟು. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆ ಅಳೆಯುವ ಠಾಣೆಗಳಲ್ಲಿ ಕಾಲು ಭಾಗಕ್ಕೆ ಮೀರದಷ್ಟು. ‘ಕೆಲವು ಕಡೆ’ ಎಂದರೆ ಕಾಲಿನಿಂದ ಅರ್ಧ. ‘ಹಲವು ಕಡೆ’ ಎಂದರೆ ಅರ್ಧದಿಂದ ಮುಕ್ಕಾಲು. ಅದಕ್ಕೂ ಮೀರಿದರೆ ‘ಬಹುತೇಕ ಎಲ್ಲ ಕಡೆ’. ಹಾಸನ ಜಿಲ್ಲೆಯು ಸೇರಿರುವ ದಕ್ಷಿಣ ಒಳನಾಡು ಬಹು ವಿಸ್ತಾರವಾದದ್ದು. ಅದರ ಒಂದೆರಡು ಕಡೆ ಮಳೆಯಾಗುವ ಸಂಭವವೆಂದರೆ, ಜಾವಗಲ್ಲಿನ ಒಬ್ಬ ರೈತನ ಹೊಲಕ್ಕೆ ಬರುವ ಪಾಲು ಸ್ಥೂಲವಾಗಿ ಅರ್ಧದಲ್ಲಿ ಕಾಲು, ಎಂದರೆ ಎರಡಾಣೆಗೆ ಮೀರದು. ಎರಡಾಣೆಯನ್ನು ಹದಿನಾರಾಣೆಯೆಂದು ಡೈರಿಯ ಮುಂದೆ ಸಾರಿದಂತಾಯಿತು.

ಎಷ್ಟು ಎಂಬುದನ್ನು ಬೇಗನೆ ಹೇಳಿ ಮುಗಿಸಬಹುದು. 2.5ರಿಂದ 15.5 ಮಿಲಿಮೀಟರಿನವರೆಗೆ ಹಗುರ, 64.4ರವರೆಗೆ ಸಾಧಾರಣ, ಅದಕ್ಕೆ ಮೇಲ್ಪಟ್ಟದ್ದು ಭಾರೀ. ದಿನವೆಂದರೆ ಬೆಳಗ್ಗೆ 8-30ರಿಂದ ಮಾರನೆಯ ಬೆಳಗ್ಗೆ 8-30. ಮೂರು ಮಿಲಿಮೀಟರು ಬಿದ್ದರೂ ಪ್ರಕಟಣೆ ನಿಜವಾಯಿತು. ಆದರೆ ಕೂರಿಗೆ ಹೂಡುವಷ್ಟು ಹದವಾಗಲಿಲ್ಲ. ಬಿತ್ತನೆಗೆ ಕಾದವರು ‘ಹಗುರ’ ಎಂಬ ಮಾತನ್ನು ಕೇಳಿ ಬೀಜದ ಚೀಲವನ್ನು ಬಿಚ್ಚಬೇಕಾದ್ದಿಲ್ಲ.

ಇಂಥ ಮಾತುಗಳನ್ನು ಅಳತೆಗೆ ಒಳಪಡಿಸಬೇಕೆಂಬುದು ಕಷ್ಟಪಟ್ಟು ಕಲಿತ ಪಾಠ. ಭಾರತದಲ್ಲಿ ಹವಾಮಾನ ಇಲಾಖೆ ಸ್ಥಾಪಿತವಾದದ್ದು 1875ರಲ್ಲಿ. ಅದರ ಬೆನ್ನಿಗೇ ಮೈಸೂರು ಸೀಮೆಯನ್ನು ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರವು ಹೊಡೆಯಿತು. ಇಲಾಖೆಯ ಮೊದಲ ಮುಖ್ಯಾಧಿಕಾರಿಯಾಗಿದ್ದ ಬ್ಲಾನ್‌ಫರ್ಡ್ ಎಂಬವರು ಹಿಮಾಲಯದ ಹಿಮವನ್ನು ಆಧಾರವಾಗಿಟ್ಟುಕೊಂಡು 1886ರಲ್ಲಿ ಮುಂಗಾರಿನ ಮುನ್ಸೂಚನೆಯನ್ನು ಹೊರಡಿಸಿದರು. 1899ರಲ್ಲಿ ಒಳ್ಳೆಯ ಮಳೆಯನ್ನು ನಿರೀಕ್ಷಿಸಿದ್ದಾಗ್ಯೂ ಘೋರವಾದ ಬರ ಬಂತು. ಟೀಕೆಯು ಬಲವಾಗಿ, ಮುಂದೆ ಕೆಲವು ವರ್ಷ ಮುನ್ಸೂಚನೆಯನ್ನು ಗುಟ್ಟಾಗಿಯೇ ಇಟ್ಟರು. 1904ರಲ್ಲಿ ಅಧಿಕಾರಕ್ಕೆ ಬಂದ ಗಿಲ್ಬರ್ಟ್ ವಾಕರ್ ಅವರು ಗಣಿತಜ್ಞರು. ಮುನ್ಸೂಚನೆಯನ್ನು ಲೆಕ್ಕಾಚಾರದ ತಳಹದಿಯ ಮೇಲೆ ನಿಲ್ಲಿಸಲು ಯತ್ನಿಸಿದರು. ಅಷ್ಟಾದರೂ ತಪ್ಪುವುದು ನಿಲ್ಲಲಿಲ್ಲ. 2002ರಲ್ಲಿ ಇಡೀ ದೇಶಕ್ಕೆ ವಾಡಿಕೆಯ 101 ಪಾಲು ಮಳೆಯೆಂದು ಹೇಳಿದ್ದಲ್ಲಿ ಬಿದ್ದದ್ದು 81 ಪಾಲು. ರೈತರು ಹೇಳುತ್ತ ಬಂದಿರುವ “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ” ಎಂಬ ಗಾದೆಯು ಈ ವಿಷಯದಲ್ಲಿ ಜಾಣತನದ್ದು. ‘ಬಂದರೆ’ ಎಂಬ ಮಾತನ್ನು ಅದು ಬಿಟ್ಟುಕೊಟ್ಟಿಲ್ಲ.

ಸಂಭವದ ಮಾತು ಸ್ಥಳದಿಂದ ಸ್ಥಳಕ್ಕೆ ಬೇರೆ ತೂಕವನ್ನು ಪಡೆಯುತ್ತದೆ. ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರು. ಅಲ್ಲಿಂದ ಅರಸೀಕೆರೆಗೆ ಅದರ ಎರಡರಷ್ಟಕ್ಕೂ ಮೇಲೆ. ಈ ಅಲ್ಪ ದೂರದಲ್ಲಿ ಮಲೆನಾಡು ಮುಗಿದು ಬಯಲುಸೀಮೆ ತೊಡಗುತ್ತದೆ. ಬೇಲೂರು ತಾಲ್ಲೂಕಿನ ಪಡುವಣ ಅಂಚಿನಲ್ಲಿ, ಅರೇಹಳ್ಳಿ ಬಿಕ್ಕೋಡುಗಳ ಕಡೆ, ಪುನರ್ವಸು ಪುಷ್ಯ ಮಳೆಗಳ ಕಾಲದಲ್ಲಿ ‘ಮಳೆಯಾಗುವ ಸಂಭವವಿದೆ’ ಎಂದರೆ ಅದು ಸುದ್ದಿಯೇ ಅಲ್ಲ. ಆ ತಿಂಗಳಲ್ಲಿ ಎರಡು ದಿನ ಬಿಡುವು ಸಿಕ್ಕುವ ಸಂಭವವಿದೆಯೆಂದರೆ ಅದು ಸುದ್ದಿ. ಅದೇ ತೋಟದವರಿಗೆ ಫೆಬ್ರವರಿ ಮಾರ್ಚಿ ತಿಂಗಳಲ್ಲಿ ಇದೇ ಮಾತು ಜೀವದ ಪ್ರಶ್ನೆ. ಕಾಫಿಯ ಹೂವಿಗೆ ಬೇಕಾದ ಮಳೆಯು ಅರ್ಧಂಬರ್ಧವಾಗಿ ಬಿದ್ದರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ. ಸ್ಪ್ರಿಂಕ್ಲರಿನಿಂದ ನೀರು ಹಾಯಿಸಬೇಕೋ, ಮಳೆಗೆ ಕಾಯಬೇಕೋ ಎಂಬುದನ್ನು ‘ಸಂಭವ’ದ ಮುಂದಿರುವ ಒಂದು ವಿಶೇಷಣವೇ ತೀರ್ಮಾನಿಸಬಹುದು. ಡಿಸೆಂಬರಿನಲ್ಲಿ ಹಣ್ಣು ಕೊಯ್ದು ಕಣದಲ್ಲಿ ಹರಡಿದವರಿಗಾದರೋ ‘ಸಂಭವವಿಲ್ಲ’ ಎಂಬ ಮಾತೂ ನೆಮ್ಮದಿಯಲ್ಲ.

ಅರಸೀಕೆರೆ, ಬಾಣಾವರ, ಕಣಕಟ್ಟೆಗಳ ಖುಷ್ಕಿ ಹೊಲಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ಮಳೆಯ ದಿನಗಳೇ ಕಡಿಮೆಯಾದ್ದರಿಂದ ಎಂಟಾಣೆಯ ಸಂಭವವೂ ದೊಡ್ಡ ಮಾತು. ರಾಗಿಯ ಬೀಜವು ಕೂರಿಗೆ ಬಿತ್ತನೆಯಲ್ಲಿ ಎಕರೆಗೆ 4ರಿಂದ 5 ಕಿಲೋ ಸಾಕು. ಕೆಟ್ಟರೆ ಬೀಜದ ನಷ್ಟ ಅಲ್ಪ, ಆಳು ಮತ್ತು ಬಾಡಿಗೆಯ ನಷ್ಟವೇ ಹೆಚ್ಚು. ಆದುದರಿಂದ ರಾಗಿಯವನು ಎಂಟಾಣೆಯ ಮೇಲೂ ಧೈರ್ಯಮಾಡಬಹುದು. ಅದೇ ಊರಿನ ತೆಂಗಿನವನಿಗೆ ಈ ಚರ್ಚೆಯೇ ಬೇಡ. ಅವನ ಕೊಬ್ಬರಿಯು ತಿಂಗಳುಗಟ್ಟಲೆ ಅಟ್ಟದ ಮೇಲೆ ಕುಳಿತು ತಾನಾಗಿಯೇ ಒಣಗುತ್ತದೆ.

ಇವೆರಡರ ನಡುವೆ ಇರುವ ಹಳೇಬೀಡಿನಲ್ಲಿಯೇ ನಿರ್ಧಾರವು ಹೆಚ್ಚು ಕಠಿಣವಾದದ್ದು. ಮಲೆನಾಡಿನ ಮಳೆ ಅಲ್ಲಿಗೆ ಬಂದರೂ ಬಂತು, ತಪ್ಪಿದರೂ ತಪ್ಪಿತು. ಆಲೂಗೆಡ್ಡೆಯ ಲೆಕ್ಕವನ್ನು ಉದಾಹರಣೆಗಾಗಿ ಹೀಗೆ ಹಾಕಿ ನೋಡಬಹುದು. ಮಳೆಯನ್ನು ನಂಬಿ ಬಿತ್ತಿ, ಮಳೆ ಬಾರದೆ ಗೆಡ್ಡೆ ಕೊಳೆತರೆ ಎಕರೆಗೆ 18,000 ರೂಪಾಯಿ ಹೋಗುವುದೆಂದಿಟ್ಟುಕೊಳ್ಳೋಣ. ಬಿತ್ತದೆ ಕಾದು, ಮಳೆ ಬಂದುಬಿಟ್ಟರೆ, ತಡವಾದದ್ದರಿಂದ ಇಳುವರಿಯಲ್ಲಿ 6,000 ರೂಪಾಯಿ ಕಡಿಮೆಯಾಗುವುದೆಂದಿಟ್ಟುಕೊಳ್ಳೋಣ. ಅವಸರದ ತಪ್ಪು ತಡಮಾಡಿದ ತಪ್ಪಿಗಿಂತ ಮೂರು ಪಾಲು ದುಬಾರಿ. ಹಾಗಾದರೆ ಬರುವ ಪಾಲು ಬಾರದ ಪಾಲಿನ ಮೂರರಷ್ಟಾದರೂ ಇರಬೇಕು. ಎಂದರೆ ನಾಲ್ಕಾಣೆಗೆ ಎದುರಾಗಿ ಹನ್ನೆರಡಾಣೆ. ‘ಅತಿ ಹೆಚ್ಚು ಸಂಭವ’ ಎಂದೂ, ‘ಹಲವು ಕಡೆ’ಗಿಂತ ಕಡಿಮೆಯಿಲ್ಲದೆಯೂ ಪ್ರಕಟವಾಗುವವರೆಗೆ ಈ ರೈತನು ಗೆಡ್ಡೆಗೆ ಕೈ ಹಾಕಲಾಗದು, ನೆಲವು ಈಗಾಗಲೇ ನೆನೆದು ತಣಿದಿದ್ದರೆ ಮಾತು ಬೇರೆ. ಅವರವರ ಹೊಲದ ಅಂಕೆಗಳು ಬೇರೆಯಾಗುವುವು, ಲೆಕ್ಕದ ರೀತಿಯು ಅದೇ.

ಇದೇ ಲೆಕ್ಕವು ಸುಗ್ಗಿಯಲ್ಲಿ ತಿರುಗಿ ನಿಲ್ಲುತ್ತದೆ. ಕೊಯ್ದ ರಾಗಿಯು ಹೊಲದಲ್ಲಿ ಹರಡಿಕೊಂಡು ಒಣಗುತ್ತಿರುವಾಗ, ಅದನ್ನು ಗುಡ್ಡೆಮಾಡಿ ಟಾರ್ಪಾಲು ಮುಚ್ಚಲು 1,500 ರೂಪಾಯಿ ಕೂಲಿ. ನೆನೆದು ಮೊಳೆತರೆ 12,000 ರೂಪಾಯಿ ನಷ್ಟ. ಎಂಟರಲ್ಲಿ ಒಂದು ಪಾಲು, ಎಂದರೆ ಎರಡಾಣೆಯ ಸಂಭವವಿದ್ದರೂ ಮುಚ್ಚುವುದೇ ಲಾಭ. ಆದರೆ ಎರಡಾಣೆಯು ಇಲಾಖೆಯ ಮೆಟ್ಟಿಲಿನಲ್ಲಿ ‘ಸಂಭವವಿಲ್ಲ’ ಎಂಬ ಮಾತಿನೊಳಗೇ ಅಡಗಿದೆ! ‘ಸಂಭವವಿಲ್ಲ’ವನ್ನು ‘ಅಸಂಭವ’ವೆಂದು ಓದಕೂಡದೆಂದು ಮೇಲೆ ಹೇಳಿದುದು ಈ ಕಾರಣದಿಂದಲೇ. 2021ರ ನವೆಂಬರಿನಲ್ಲಿ ದಕ್ಷಿಣ ಒಳನಾಡಿನಲ್ಲಿ ಸುರಿದ ಅಕಾಲದ ಮಳೆಗೆ ರಾಗಿಯು ನೆಲಕ್ಕೊರಗಿ ತೆನೆಯಲ್ಲಿಯೇ ಮೊಳೆತದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಆಲೂಗೆಡ್ಡೆಯ ಅಂಗಮಾರಿಗೆ ಮುಂಜಾಗ್ರತೆಯ ಔಷಧಿಯೂ ಈ ವರ್ಗಕ್ಕೇ ಸೇರಿದ್ದು. ಮೋಡ, ಜಡಿ, ತಂಪು ಮೂರೂ ಕೂಡುವ ಸಂಭವವು ಸ್ವಲ್ಪವೇ ಇದ್ದರೂ ಸಿಂಪಡಿಸುವುದು ಮೇಲು. ಆದರೆ ಸಿಂಪಡಿಸಿದ ಕೆಲವು ಗಂಟೆಯೊಳಗೆ ಮಳೆ ಹೊಡೆದರೆ ಔಷಧಿ ತೊಳೆದುಹೋಗುವುದರಿಂದ ಬಿಡುವಿನ ಹೊತ್ತನ್ನು ಆಯ್ದುಕೊಳ್ಳಬೇಕು.

ಪ್ರಕಟಣೆಯು ನಿಜವೋ ಸುಳ್ಳೋ ಎಂಬುದನ್ನು ಒಂದು ದಿನದಿಂದ ನಿರ್ಣಯಿಸುವಂತಿಲ್ಲ. ‘ಹೆಚ್ಚು ಸಂಭವ’ ಎಂದ ಹತ್ತು ದಿನಗಳಲ್ಲಿ ಆರೇಳು ದಿನ ಮಳೆಯಾಗಿ ಮೂರುನಾಲ್ಕು ದಿನ ಬಾರದಿದ್ದರೆ ಆ ಮಾತು ಸರಿಯಾದ ಮಾತೇ. ಹತ್ತಕ್ಕೆ ಹತ್ತೂ ಬಂದಿದ್ದರೆ ಇಲಾಖೆಯವರು ಕಡಿಮೆ ಹೇಳಿದರೆಂದೇ ಎಣಿಸಬೇಕು. ಪಂಚಾಯಿತಿಯ ಕಚೇರಿಯಲ್ಲಾಗಲಿ ಯಜಮಾನರ ಮನೆಯಲ್ಲಾಗಲಿ ಒಂದು ಪುಸ್ತಕವಿಟ್ಟು, ಪ್ರತಿದಿನವೂ ಪ್ರಕಟಣೆಯ ಮೂರು ಮಾತುಗಳನ್ನು ಇದ್ದಂತೆಯೇ ಬರೆದು, ಎದುರಿಗೆ ಊರಿನಲ್ಲಿ ಬಿದ್ದ ಮಳೆಯನ್ನು ನಮೂದಿಸುತ್ತ ಬಂದರೆ, ಎರಡು ಮೂರು ಮಳೆಗಾಲಗಳಲ್ಲಿ ಆ ಊರಿನ ಮಟ್ಟಿಗೆ ‘ಸಂಭವ’ಕ್ಕೆ ಎಷ್ಟಾಣೆ ಬೆಲೆಯೆಂಬುದು ಗೊತ್ತಾಗುತ್ತದೆ. ಅಳತೆಗೆ ದುಬಾರಿಯ ಉಪಕರಣ ಬೇಕಾಗಿಲ್ಲ; ಸಮತಟ್ಟಾದ ತಳವೂ ನೆಟ್ಟಗಿನ ಬದಿಯೂ ಉಳ್ಳ ಪಾತ್ರೆಯನ್ನು ಮರದ ನೆರಳಿಲ್ಲದ ಬಯಲಿನಲ್ಲಿಟ್ಟು, ಬೆಳಗ್ಗೆ 8-30ಕ್ಕೆ ಅಡಿಕೋಲಿನಿಂದ ನೀರಿನ ಆಳವನ್ನು ನೋಡಿದರೆ ಸಾಕು. 1988ರಲ್ಲಿ ಬರದ ಉಸ್ತುವಾರಿಗಾಗಿ ಆರಂಭವಾದ ರಾಜ್ಯ ಸರ್ಕಾರದ ಸಂಸ್ಥೆಯು, ಮುಂದೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಡಿಸಿದೆ. ಸಮೀಪದ ಮಾಪಕದ ಅಂಕೆಯೊಡನೆ ಊರಿನ ಪಾತ್ರೆಯ ಅಂಕೆಯನ್ನು ಹೋಲಿಸಿ ನೋಡಬಹುದು.

ಹಲಗೆಯ ಮೇಲೆ ಬರೆಯುವವರು ತಮ್ಮ ಊಹೆಯನ್ನು ಪ್ರಕಟಣೆಗೆ ಸೇರಿಸತಕ್ಕದ್ದಲ್ಲ. “ಶುಕ್ರವಾರ 8-30ರಿಂದ ಶನಿವಾರ 8-30ರವರೆಗೆ, ಕೆಲವು ಕಡೆ, ಸಾಧಾರಣ, ಹೆಚ್ಚು ಸಂಭವ (ಎಂಟರಿಂದ ಹನ್ನೆರಡಾಣೆ)” ಎಂದು ಬರೆದರೆ ಸಾಕಾಗುವುದು. ಪಡುವಣದ ಮೋಡವನ್ನು ನೋಡಿ ಹಿರಿಯರು ಏನಾದರೂ ಹೇಳಿದರೆ ಅದನ್ನು ಕೆಳಗೆ ಬೇರೆ ಸಾಲಿನಲ್ಲಿ ಬರೆಯಬಹುದು. ಪುಸ್ತಕದಲ್ಲಿ ಅದಕ್ಕೂ ಒಂದು ಕಲಮು ಇರಲಿ.